ಸೇನಾ ಭರ್ತಿಗೆ ನಾಯಕರು ಕೇಳಿದ ಬೆಲೆ

ಸಂಪಾದಕರಿಗೆ,

ಮಾನ್ಯರೇ,

ಕೆಲವು ದಿನಗಳಿಂದ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ನಡೆದಿರುವ ಚರ್ಚೆಯನ್ನು ಗಮನವಿಟ್ಟು ಓದುತ್ತಿದ್ದೇನೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಸೇರಿರೆಂದು ಊರೂರಿಗೆ ಹೋಗಿ ಭಾಷಣ ಮಾಡಿದ ಪ್ರಾಂತೀಯ ನಾಯಕರೆಲ್ಲ ಸರಕಾರದ ಬಾಲಬಡುಕರು ಎಂದು ಹುಬ್ಬಳ್ಳಿಯ ಓದುಗರೊಬ್ಬರು ಬರೆದರು. ಗಾಂಧಿ ಮತ್ತು ತಿಲಕರು ಮಾಡಿದ್ದೂ ಅದನ್ನೇ, ಹಾಗಾದರೆ ಅವರನ್ನೇನೆಂದು ಕರೆಯುತ್ತೀರಿ ಎಂದು ರಾಣೆಬೆನ್ನೂರಿನ ಓದುಗರೊಬ್ಬರು ತಿರುಗಿ ಕೇಳಿದರು. ಗದುಗಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದ ನನಗೆ ಇಬ್ಬರ ಮಾತಿನಲ್ಲೂ ಒಂದೇ ಕೊರತೆ ಕಂಡಿತು. ‘ಭರ್ತಿ ಮಾಡಿಸಿದರು’ ಎಂಬ ಒಂದು ಕ್ರಿಯಾಪದದಲ್ಲಿ ಇಬ್ಬರೂ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಕೆಲಸಗಳನ್ನು ತುಂಬಿಬಿಟ್ಟಿದ್ದಾರೆ. ಒಬ್ಬ ನಾಯಕ ಸರಕಾರಕ್ಕೆ ಜನರನ್ನು ಕೊಡುವೆನೆಂದಾಗ ಬದಲಿಗೆ ಏನು ಕೇಳಿದ, ಯಾರಿಗಾಗಿ ಕೇಳಿದ, ಮತ್ತು ಹೊರಟವರು ಯಾರ ಮನೆಯ ಮಕ್ಕಳು ಎಂಬುದನ್ನು ನೋಡದೆ ಅವನನ್ನು ಹೊಗಳುವುದೂ ತೆಗಳುವುದೂ ಅವಸರದ ಮಾತಾಗುತ್ತದೆ.

ಮೊದಲು ಆ ಸೈನ್ಯಕ್ಕೆ ಯಾರು ಬೇಕಾಗಿದ್ದರು ಎಂಬುದನ್ನು ನೋಡಬೇಕು. 1885ರಿಂದ 1893ರವರೆಗೆ ಭಾರತದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಮತ್ತು ಅವನ ಹಾದಿಯಲ್ಲಿ ನಡೆದವರು ಕಾದಾಡುವ ಜಾತಿಗಳು, ಪುಕ್ಕಲು ಜಾತಿಗಳು ಎಂದು ದೇಶವನ್ನು ಎರಡು ಪಾಲು ಮಾಡಿದರು. ಪಂಜಾಬಿಗಳು, ಪಠಾಣರು, ಗೂರ್ಖರು ಮೊದಲ ಪಾಲಿಗೆ ಬಂದರು. ಹಿಂದೆ ಕಂಪನಿ ಸರಕಾರಕ್ಕೆ ದೇಶವನ್ನೇ ಗೆದ್ದುಕೊಟ್ಟಿದ್ದ ಮದ್ರಾಸ್ ಮತ್ತು ಮುಂಬಯಿ ಸಿಪಾಯಿಗಳಲ್ಲಿ ಹೆಚ್ಚಿನವರು ಎರಡನೆಯ ಪಾಲಿಗೆ ಬಿದ್ದರು. ನಮ್ಮ ಧಾರವಾಡ ಜಿಲ್ಲೆ, ಅಂದರೆ ಇಂದಿನ ಧಾರವಾಡ, ಗದಗ, ಹಾವೇರಿ ಮೂರೂ ಸೇರಿದ ಅಂದಿನ ಜಿಲ್ಲೆ, ಮುಂಬಯಿ ಪ್ರಾಂತದ ದಕ್ಷಿಣದ ಅಂಚಿನಲ್ಲಿತ್ತು. ಇಲ್ಲಿಯ ಮರಾಠಾ ಮನೆತನಗಳ ಕೆಲವು ಹುಡುಗರನ್ನು ಬಿಟ್ಟರೆ ಉಳಿದವರಿಗೆ ಪಲ್ಟನ್ನಿನ ಬಾಗಿಲು ಬಹುತೇಕ ಮುಚ್ಚಿಯೇ ಇತ್ತು. ಅದಕ್ಕೂ ಮೊದಲೇ ಈ ಭಾಗದ ಕೈಯಿಂದ ಆಯುಧ ಹೋಗಿತ್ತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತು ಸುಟ್ಟುಹೋದದ್ದನ್ನು, ಮರುವರ್ಷ ನರಗುಂದದ ಬಾಬಾಸಾಹೇಬರೂ ಮುಂಡರಗಿ ಭೀಮರಾಯರೂ ಎದ್ದು ಬಿದ್ದದ್ದನ್ನು ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಅನಂತರ 1878ರ ಆಯುಧ ಕಾಯದೆ ಬಂತು. ಆದ್ದರಿಂದ ಈ ಸೀಮೆಯ ಓದಿದವರಿಗೆ ಸೈನ್ಯದ ಮಾತು ರಾಜನಿಷ್ಠೆಯೊಂದರ ಮಾತಾಗಿರಲಿಲ್ಲ. ಮುಚ್ಚಿದ ಬಾಗಿಲನ್ನು ತಟ್ಟಿ ನೋಡಲು ಯುದ್ಧ ಅವರಿಗೊಂದು ನೆಪವಾಯಿತು.

ತಿಲಕರ ನಡೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬರ್ಮಾದ ಮಾಂಡಲೆ ಜೈಲಿನಿಂದ 1914ರ ಜೂನ್‌ನಲ್ಲಿ ಬಿಡುಗಡೆಯಾಗಿ ಬಂದವರು ಯುದ್ಧ ಆರಂಭವಾದ ತಿಂಗಳಲ್ಲೇ ಸರಕಾರಕ್ಕೆ ನಿಷ್ಠೆ ವ್ಯಕ್ತಪಡಿಸಿದ್ದು ನಿಜ. ಅಷ್ಟನ್ನೇ ಹಿಡಿದುಕೊಂಡು ಮಾತಾಡುವವರು 1916ರ ಬೆಳಗಾವಿಯನ್ನು ಮರೆಯುತ್ತಾರೆ. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಬೆಳಗಾವಿಯಲ್ಲಿ ಮುಂಬಯಿ ಪ್ರಾಂತೀಯ ಪರಿಷತ್ತು ಸೇರಿತ್ತು. ಗಂಗಾಧರರಾವ್ ದೇಶಪಾಂಡೆಯವರಂಥವರ ಬೆಂಬಲದಿಂದ ಸ್ವರಾಜ್ಯ ಕೇಳುವ ತಿಲಕರ ಸಂಘ, ಹೋಂ ರೂಲ್ ಲೀಗ್, ಅಲ್ಲಿ ಹುಟ್ಟಿತು, ಮಹಾರಾಷ್ಟ್ರದೊಂದಿಗೆ ಕರ್ನಾಟಕವೂ ಅದರ ವ್ಯಾಪ್ತಿಗೆ ಬಂತು. ಸರಿಯಾಗಿ ಅದೇ ದಿನಗಳಲ್ಲಿ, ಏಪ್ರಿಲ್ 29ರಂದು, ಮೆಸಪಟೋಮಿಯಾದ, ಅಂದರೆ ಇಂದಿನ ಇರಾಕಿನ, ಕೂತ್ ಪಟ್ಟಣದಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು, ಕಡೆಗೆ ಕುದುರೆ ಮಾಂಸದ ಮೇಲೆ ಬದುಕಿದ್ದ ಇಂಗ್ಲಿಷರ ದಂಡು ತುರ್ಕರಿಗೆ ಶರಣಾಯಿತು. ಆ ದಂಡಿನಲ್ಲಿ ಮರಾಠಾ ಪಲ್ಟನ್ನುಗಳ ಸಿಪಾಯಿಗಳೂ ಇದ್ದರು. ಬೆಳಗಾವಿಯ ಮಂಟಪದಲ್ಲಿ ಸ್ವರಾಜ್ಯದ ಠರಾವು, ಟೈಗ್ರಿಸ್ ದಂಡೆಯಲ್ಲಿ ಶರಣಾಗತಿ. ತರಗತಿಯಲ್ಲಿ ಈ ಎರಡು ತಾರೀಖುಗಳನ್ನು ನಾನು ಯಾವಾಗಲೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯುತ್ತಿದ್ದೆ.

ಎರಡು ವರ್ಷಗಳ ಬಳಿಕ ಬೆಲೆಯ ಪ್ರಶ್ನೆ ಬಹಿರಂಗವಾಗಿಯೇ ಬಂತು. 1918ರ ಏಪ್ರಿಲ್‌ನಲ್ಲಿ ವೈಸ್‌ರಾಯ್ ಚೆಮ್ಸ್‌ಫರ್ಡ್ ದೆಹಲಿಯಲ್ಲಿ ಯುದ್ಧ ಪರಿಷತ್ತು ಕರೆದಾಗ ತಿಲಕರಿಗೆ ಆಮಂತ್ರಣವೇ ಇರಲಿಲ್ಲ. ಜೂನ್ 10ರಂದು ಮುಂಬಯಿಯಲ್ಲಿ ಗವರ್ನರ್ ವಿಲ್ಲಿಂಗ್ಡನ್ ಕರೆದ ಪ್ರಾಂತೀಯ ಪರಿಷತ್ತಿಗೆ ಅವರನ್ನು ಕರೆದರು. ತಿಲಕರು ಎದ್ದು ನಿಂತು, ನಿಷ್ಠೆಯ ವಿಷಯದಲ್ಲಿ ತಕರಾರಿಲ್ಲ, ಆದರೆ ದೇಶದ ರಕ್ಷಣೆಯ ಮಾತನ್ನು ಸ್ವರಾಜ್ಯದ ಮಾತಿನಿಂದ ಬೇರ್ಪಡಿಸಲು ಬಾರದು ಎಂಬ ಅರ್ಥದಲ್ಲಿ ಆರಂಭಿಸಿದ ಕೂಡಲೇ, ರಾಜಕೀಯ ಚರ್ಚೆಗೆ ಇಲ್ಲಿ ಅವಕಾಶವಿಲ್ಲವೆಂದು ಗವರ್ನರ್ ತಡೆದರು. ತಿಲಕರು ಸಭೆಯಿಂದ ಹೊರನಡೆದರು. ಜನ ಕೊಡಿ, ಹಣ ಕೊಡಿ ಎಂದು ಕೇಳುವುದು ರಾಜಕೀಯವಲ್ಲ, ಯಾಕೆ ಕೊಡಬೇಕು ಎಂದು ಕೇಳುವುದು ಮಾತ್ರ ರಾಜಕೀಯ! ಗಾಂಧೀಜಿ ಭರ್ತಿಯ ಕೆಲಸಕ್ಕೆ ಇಳಿದಾಗ ತಿಲಕರು ಅವರಿಗೆ ಐವತ್ತು ಸಾವಿರ ರೂಪಾಯಿಯ ಚೆಕ್ಕು ಕಳಿಸಿದ ಪ್ರಸಂಗವೂ ಆ ಕಾಲದ್ದೇ. ಭಾರತೀಯರಿಗೆ ಸೈನ್ಯದಲ್ಲಿ ಕಮಿಷನ್, ಅಂದರೆ ಇಂಗ್ಲಿಷರಿಗೆ ಸಮನಾದ ಅಧಿಕಾರಿ ಪದವಿ, ಕೊಡುವುದಾಗಿ ಸರಕಾರದಿಂದ ಮೊದಲು ಮಾತು ತೆಗೆದುಕೊಳ್ಳಿ, ಹಾಗಾದರೆ ಮಹಾರಾಷ್ಟ್ರದಿಂದ ಐದು ಸಾವಿರ ಜನರನ್ನು ನಾನು ಕೊಡುತ್ತೇನೆ, ತಪ್ಪಿದರೆ ಈ ಹಣ ದಂಡವಾಗಲಿ ಎಂಬುದು ಅದರ ಷರತ್ತು. ನೆರವು ಎಂಬುದು ಚೌಕಾಸಿಯಾಗಬಾರದೆಂದು ಗಾಂಧೀಜಿ ಚೆಕ್ಕನ್ನು ಹಿಂದಿರುಗಿಸಿದರು.

ಈ ಕಮಿಷನ್ನಿನ ಮಾತು ಸಣ್ಣದಲ್ಲ. ಮೂವತ್ತು ವರ್ಷ ಸೇವೆ ಮಾಡಿ ಸುಬೇದಾರ್ ಮೇಜರ್ ಆದ ಭಾರತೀಯನೂ ನಿನ್ನೆ ಹಡಗಿಳಿದ ಹತ್ತೊಂಬತ್ತರ ಇಂಗ್ಲಿಷ್ ಹುಡುಗನಿಗೆ ಸಲಾಮು ಹೊಡೆಯಬೇಕಾದ ವ್ಯವಸ್ಥೆ ಅದು. 1917ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಒಂಬತ್ತು ಜನ ಭಾರತೀಯರಿಗೆ ಕಿಂಗ್ಸ್ ಕಮಿಷನ್ ಸಿಕ್ಕಿತು. ಮರುವರ್ಷದಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸ್ಥಾನಗಳನ್ನು ಇಟ್ಟರು. ಕೊಡಗಿನ ಕಾರ್ಯಪ್ಪನವರು ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದದ್ದು ಹೀಗೆ ತೆರೆದ ಸಂದಿಯಿಂದಲೇ. ಭರ್ತಿಗೆ ಒಪ್ಪುತ್ತಲೇ ಬೆಲೆ ಕೇಳಿದವರು ಮತ್ತು ಕೇಳದೆ ಒಪ್ಪಿದವರು, ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನನ್ನಿಂದಾಗದು.

ಹಾಗೆಂದು ಬೆಲೆ ಕೇಳದ ಗಾಂಧೀಜಿ ಬಾಲಬಡುಕರಾಗಲಿಲ್ಲ. ಅವರ ಲೆಕ್ಕ ಬೇರೆ ಇತ್ತು. ಮುಕ್ತ ಮನಸ್ಸಿನಿಂದ ಕೊಟ್ಟರೆ ಸ್ವರಾಜ್ಯದ ಯೋಗ್ಯತೆ ತಾನಾಗಿ ಸಿದ್ಧವಾಗುತ್ತದೆ, ಆಯುಧ ಕಾಯದೆಯ ಅವಮಾನವೂ ತೊಲಗುತ್ತದೆ ಎಂದು ಅವರು ನಂಬಿದ್ದರು. ಊರಿಗೆ ಇಪ್ಪತ್ತು ಜನರಂತೆ ಗುಜರಾತಿನ ಖೇಡಾ ಜಿಲ್ಲೆಯ ಆರುನೂರು ಹಳ್ಳಿಗಳಿಂದ ಹನ್ನೆರಡು ಸಾವಿರ ಜನರನ್ನು ಕೂಡಿಸುವುದು ಅವರ ಆಸೆ. ನನಗೆ ಇಲ್ಲಿ ದೊಡ್ಡವರಾಗಿ ಕಾಣುವವರು ಖೇಡಾದ ರೈತರು. ಕೆಲವೇ ವಾರಗಳ ಹಿಂದೆ, ಕರನಿರಾಕರಣೆಯ ಕಾಲದಲ್ಲಿ, ಗಾಂಧೀಜಿಗೆ ಕೇಳದಿದ್ದರೂ ಬಂಡಿ ಕಟ್ಟಿ ಕೊಟ್ಟ ಅದೇ ಜನ ಈಗ ಬಾಡಿಗೆಗೂ ಬಂಡಿ ಕೊಡಲಿಲ್ಲ. ಗಾಂಧಿ ಮತ್ತು ವಲ್ಲಭಭಾಯಿ ಪಟೇಲರು ಬುತ್ತಿ ಕಟ್ಟಿಕೊಂಡು ಮೈಲಿಗಟ್ಟಲೆ ನಡೆದರು. ನೀವು ಅಹಿಂಸೆಯವರು, ನಮಗೆ ಆಯುಧ ಹಿಡಿಯಲು ಹೇಗೆ ಹೇಳುತ್ತೀರಿ, ಈ ಸರಕಾರ ನಮಗೇನು ಒಳ್ಳೆಯದು ಮಾಡಿದೆ ಎಂದು ರೈತರು ಕೇಳಿದ್ದನ್ನು ಗಾಂಧೀಜಿ ತಾವೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಆಗಸ್ಟ್‌ನಲ್ಲಿ ಅವರು ಆಮಶಂಕೆಯಿಂದ ಹಾಸಿಗೆ ಹಿಡಿದರು. ನವೆಂಬರ್‌ನಲ್ಲಿ ಯುದ್ಧವೇ ಮುಗಿಯಿತು. ಮಹಾತ್ಮನ ಮಾತಾದರೂ ಮನಸ್ಸಿಗೆ ಬಾರದಿದ್ದರೆ ಎದ್ದು ಹೋಗುವ ರೈತ ಎಲ್ಲ ಕಾಲಕ್ಕೂ ಎಲ್ಲ ಊರಲ್ಲೂ ಇರುತ್ತಾನೆ. ನಾಯಕರ ಚರಿತ್ರೆ ಬರೆಯುವವರ ಕಣ್ಣಿಗೆ ಅವನು ಬೀಳುವುದು ಕಡಿಮೆ.

ಹುಬ್ಬಳ್ಳಿಯ ಓದುಗರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಲಬಡುಕರು ಎಂದರೋ ಅಂಥವರು ನಿಜವಾಗಿ ಬಲಿತದ್ದು ಪಂಜಾಬಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಓಡ್ವಯರ್ ಜೈಲದಾರ, ಲಂಬರದಾರ ಎಂಬ ಹಳ್ಳಿಯ ಮುಖಂಡರಿಂದ ಹಿಡಿದು ತಹಸೀಲ್ದಾರನವರೆಗೆ ಇಡೀ ಕಂದಾಯ ಯಂತ್ರವನ್ನು ಭರ್ತಿಯ ಕೆಲಸಕ್ಕೆ ಹಚ್ಚಿದ. ಜನರನ್ನು ಕೊಟ್ಟ ಜಮೀನ್ದಾರರಿಗೆ ಬಿರುದು, ನಾಲೆ ನೀರಿನ ಜಮೀನು, ಖಿಲ್ಲತ್ತು ಎಂಬ ಗೌರವದ ಉಡುಗೊರೆ. ಕೊಡದ ಹಳ್ಳಿಗೆ ಕಿರುಕುಳ. 1918ರ ಹೊತ್ತಿಗೆ ಅದು ಎಷ್ಟು ವಿಪರೀತಕ್ಕೆ ಹೋಯಿತೆಂದರೆ ಶಾಹಪುರ ಜಿಲ್ಲೆಯಲ್ಲಿ ರೊಚ್ಚಿಗೆದ್ದ ಹಳ್ಳಿಗರು ತಹಸೀಲ್ದಾರನನ್ನೇ ಕೊಂದರು. ದೇಶದ ಜನಸಂಖ್ಯೆಯಲ್ಲಿ ಸಣ್ಣ ಪಾಲಿನ ಆ ಪ್ರಾಂತ ಹೋರಾಡುವ ಸಿಪಾಯಿಗಳಲ್ಲಿ ಸುಮಾರು ಅರ್ಧದಷ್ಟನ್ನು ಕೊಟ್ಟಿತು. ಇದೇ ಓಡ್ವಯರ್ 1917ರಲ್ಲಿ ತಿಲಕರು ಪಂಜಾಬಿಗೆ ಕಾಲಿಡದಂತೆ ಆಜ್ಞೆ ಹೊರಡಿಸಿದ್ದ. ಬೆಲೆ ಕೇಳುವವರು ಬೇಡ, ಬೆಲೆ ಪಡೆದು ಸುಮ್ಮನಿರುವವರು ಬೇಕು ಎಂಬುದು ಅವನ ನೀತಿ.

ಹಾಗಿದ್ದರೂ ಪಂಜಾಬಿನ ಎಲ್ಲ ನಾಯಕರನ್ನು ಒಂದೇ ಸೊಲ್ಲಿನಲ್ಲಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ರೋಹತಕದ ವಕೀಲ ಛೋಟೂರಾಮ್ ಅವರು ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದುಕೊಂಡೇ ಜಾಟ್ ರೈತರ ಮಕ್ಕಳನ್ನು ಸೈನ್ಯಕ್ಕೆ ಸೇರಿಸಿದರು. ಸಿಪಾಯಿಯ ಪಗಾರ ಆಗ ತಿಂಗಳಿಗೆ ಹನ್ನೊಂದು ರೂಪಾಯಿ. ಸಾಹುಕಾರನ ಸಾಲದಲ್ಲಿ ಮುಳುಗಿದ ಮನೆಗೆ ತಪ್ಪದೆ ಬರುವ ಹನ್ನೊಂದು ರೂಪಾಯಿ ಎಂದರೇನೆಂದು ಒಣಬೇಸಾಯದ ನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1919ರ ಸುಧಾರಣೆಯಲ್ಲಿ ನಿವೃತ್ತ ಸಿಪಾಯಿಗಳಿಗೆ ಆಸ್ತಿಯ ನಿಬಂಧನೆಯಿಲ್ಲದೆ ಮತದಾನದ ಹಕ್ಕು ಬಂತು. ಹೀಗೆ ನಾಯಕನ ಮಾತಿಗೆ ದಂಡಿಗೆ ಹೋದವನು ಬದುಕಿ ಬಂದು ಆ ನಾಯಕನಿಗೇ ಮತ ಹಾಕುವ ವರ್ತುಲವೊಂದು ಏರ್ಪಟ್ಟಿತು. ಛೋಟೂರಾಮ್ ಮುಂತಾದವರು ಕಟ್ಟಿದ ಯೂನಿಯನಿಸ್ಟ್ ಪಕ್ಷ ನಿಂತದ್ದು ಈ ತಳಹದಿಯ ಮೇಲೆ. 1937ರಲ್ಲಿ ಅಲ್ಲಿ ಪ್ರಧಾನಿಯಾದ (ಪ್ರಾಂತದ ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು) ಸರ್ ಸಿಕಂದರ್ ಹಯಾತ್ ಖಾನ್ ಸ್ವತಃ ಮೊದಲ ಯುದ್ಧದಲ್ಲಿ ಭರ್ತಿಯ ಕೆಲಸ ಮಾಡಿ, ಸೈನ್ಯದಲ್ಲೂ ಇದ್ದವರು. ಎರಡನೆಯ ಯುದ್ಧಕ್ಕೆ ಅವರು ಒಂದು ಕ್ಷಣವೂ ಹಿಂಜರಿಯಲಿಲ್ಲ. ಆದರೆ ಎರಡನೆಯ ಸಲ ಲೆಕ್ಕ ತಪ್ಪಿತು. ಧಾರಣೆ ಏರಿತು, ಸಾಮಾನು ಸಿಗದಾಯಿತು, ರೈತನ ಗೋದಿಗೆ ಬೆಲೆ ಕಟ್ಟುವ ವಿಷಯದಲ್ಲಿ ಛೋಟೂರಾಮರೇ ದೆಹಲಿ ಸರಕಾರದೊಂದಿಗೆ ಜಗಳಕ್ಕಿಳಿಯಬೇಕಾಯಿತು. ಯುದ್ಧ ಮುಗಿದು 1946ರ ಚುನಾವಣೆ ಬಂದಾಗ 175 ಸ್ಥಾನಗಳ ಶಾಸನಸಭೆಯಲ್ಲಿ ಆ ಪಕ್ಷಕ್ಕೆ ಉಳಿದದ್ದು ಇಪ್ಪತ್ತರ ಆಸುಪಾಸು. ಸಿಂಧ್ ಪ್ರಾಂತದ ಅಲ್ಲಾಬಕ್ಷ್ ಸೂಮ್ರೊ ಅವರದು ಇನ್ನೊಂದು ದಾರಿ. 1942ರಲ್ಲಿ ಸರಕಾರ ಕೊಟ್ಟ ಬಿರುದುಗಳನ್ನು ಹಿಂದಿರುಗಿಸಿದರು, ಕೂಡಲೇ ಗವರ್ನರ್ ಅವರನ್ನು ಪ್ರಧಾನಿ ಪದವಿಯಿಂದ ತೆಗೆದುಹಾಕಿದ.

ನಮ್ಮ ಸೀಮೆಗೆ ಹತ್ತಿರದ ಮಾತೆಂದರೆ ಕೊಲ್ಲಾಪುರ. ಶಾಹೂ ಮಹಾರಾಜರು ಮೊದಲ ಯುದ್ಧದಲ್ಲಿ ಮರಾಠರ ಭರ್ತಿಗೆ ನಿಂತವರು. ಅವರೇ 1920ರಲ್ಲಿ ಹುಬ್ಬಳ್ಳಿಯ ಬ್ರಾಹ್ಮಣೇತರ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದರು. ಹುಬ್ಬಳ್ಳಿಯ ವಕೀಲ ಸಿದ್ದಪ್ಪ ಕಂಬಳಿಯವರು ಮುಂದೆ ಮುಂಬಯಿ ಪ್ರಾಂತದ ಮಂತ್ರಿಯಾಗುವವರೆಗೆ ನಡೆದ ರಾಜಕಾರಣದ ಒಂದು ಕವಲು ಅಲ್ಲಿಂದ ಹೊರಡುತ್ತದೆ. ಸರಕಾರದೊಂದಿಗೆ ಜಗಳವಾಡದೆ ಶಾಲೆ, ನೌಕರಿ, ಕೌನ್ಸಿಲಿನ ಸ್ಥಾನ ಪಡೆಯಬೇಕೆಂಬ ಈ ಕವಲನ್ನು ಹೋಂ ರೂಲಿನವರು ಅಂದೂ ಹೀಯಾಳಿಸಿದರು, ಇಂದಿನವರೂ ಹೀಯಾಳಿಸುತ್ತಾರೆ. ತಿಲಕರು ಕಮಿಷನ್ ಕೇಳಿದರೆ ಚಾಣಾಕ್ಷತನ, ಹಿಂದುಳಿದವರು ಶಾಲೆ ಕೇಳಿದರೆ ಗುಲಾಮಗಿರಿ ಎಂಬ ನ್ಯಾಯ ಮಾತ್ರ ನನಗೆ ಅರ್ಥವಾಗಿಲ್ಲ.

ಇದಕ್ಕಿಂತ ಹರಿತವಾದ ಉದಾಹರಣೆ ಅಸ್ಪೃಶ್ಯರೆನಿಸಿಕೊಂಡಿದ್ದ ಮಹಾರರದು. ಕಂಪನಿ ಕಾಲದಿಂದ ಮುಂಬಯಿ ಸೈನ್ಯದಲ್ಲಿ ದುಡಿದ ಅವರನ್ನು 1890ರ ದಶಕದಲ್ಲಿ ಹೊರಗಿಟ್ಟರು. ಜನ ಸಾಲದೆಂದು 1917ರಲ್ಲಿ 111ನೆಯ ಮಹಾರ್ ಪಲ್ಟನ್ ಕಟ್ಟಿದರು, ಕೆಲಸ ಮುಗಿಯಿತೆಂದು 1921ರಲ್ಲಿ ಬರಖಾಸ್ತು ಮಾಡಿದರು. ಸುಬೇದಾರರ ಮಗನಾದ ಅಂಬೇಡ್ಕರರಿಗೆ ಇದರ ಕಹಿ ಗೊತ್ತಿತ್ತು. 1941ರಲ್ಲಿ ವೈಸ್‌ರಾಯರ ರಕ್ಷಣಾ ಸಲಹಾ ಮಂಡಳಿಗೆ ಸೇರಿದಾಗ ಅವರು ಮಹಾರರ ಸ್ವಂತ ರೆಜಿಮೆಂಟಿಗಾಗಿ ಪಟ್ಟು ಹಿಡಿದರು, ಸೈನ್ಯಕ್ಕೆ ಸೇರಿರೆಂದು ತಮ್ಮ ಜನರಿಗೆ ಕರೆ ಕೊಟ್ಟರು. ಆ ವರ್ಷದ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ ಎಂದರೆ ನಮ್ಮ ಬೆಳಗಾವಿಯಲ್ಲಿ. ಅದು ಇಂದಿಗೂ ಇದೆ. ಸಾವರ್ಕರರೂ ಅದೇ ವರ್ಷಗಳಲ್ಲಿ ಸೈನ್ಯ ಸೇರಿರೆಂದು ಹಿಂದೂಗಳಿಗೆ ಕರೆ ಕೊಡುತ್ತಿದ್ದರು, ವಿರೋಧಿಗಳು ಅವರನ್ನು ‘ರಿಕ್ರೂಟ್‌ವೀರ’ ಎಂದು ಅಣಕಿಸುತ್ತಿದ್ದರು. ಇಬ್ಬರ ಕರೆಯ ಮಾತು ಒಂದೇ. ಒಬ್ಬರು ಕೇಳಿದ್ದು ಹೊರಗೆ ನಿಲ್ಲಿಸಿದವರಿಗೆ ಒಳಗೊಂದು ಜಾಗ. ಇನ್ನೊಬ್ಬರ ಕಣ್ಣಿದ್ದದ್ದು ನಾಳಿನ ಅಧಿಕಾರದ ಹಂಚಿಕೆಯ ಮೇಲೆ.

ನಮ್ಮ ಜಿಲ್ಲೆಯಲ್ಲಿ ಎರಡನೆಯ ಯುದ್ಧದ ಕಥೆ ಪಂಜಾಬಿನಂತೆ ನಡೆಯದಿರಲು ಒಂದು ಸರಳ ಕಾರಣವಿದೆ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಒಬ್ಬ ಭಾರತೀಯನನ್ನೂ ಕೇಳದೆ ಭಾರತ ಯುದ್ಧದಲ್ಲಿದೆಯೆಂದು ಸಾರಿದ. ನವೆಂಬರ್ ಹೊತ್ತಿಗೆ ಮುಂಬಯಿ ಪ್ರಾಂತದ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಹೊರಬಂತು. ಆಮೇಲೆ 1946ರವರೆಗೆ ಇಲ್ಲಿ ಗವರ್ನರನ ಆಳ್ವಿಕೆ. ಅಂದರೆ ಹಳ್ಳಿಗೆ ಬಂದು ಸೈನ್ಯಕ್ಕೆ ರಂಗರೂಟರನ್ನು, ಹೊಸ ಭರ್ತಿಯವರನ್ನು, ಕೇಳುವವನು ಮತ ಕೇಳಿ ಗೆದ್ದವನಾಗಿರಲಿಲ್ಲ, ಅವನು ಕಲೆಕ್ಟರ್ ಅಥವಾ ಮಾಮಲೇದಾರ. ಮತ ಕೇಳಿ ಗೆದ್ದವರು 1940ರ ಅಕ್ಟೋಬರ್‌ನಲ್ಲಿ ಆರಂಭವಾದ ವೈಯಕ್ತಿಕ ಸತ್ಯಾಗ್ರಹದಲ್ಲಿ ಈ ಯುದ್ಧಕ್ಕೆ ಜನವನ್ನೂ ಹಣವನ್ನೂ ಕೊಡುವುದು ತಪ್ಪೆಂದು ಕೂಗಿ ಜೈಲಿಗೆ ಹೋಗುತ್ತಿದ್ದರು. ಆ ಯುದ್ಧದಲ್ಲಿ ಲಿಂಗಾಯತರ ಹೆಸರಿನಲ್ಲೇ ಒಂದು ಬೆಟಾಲಿಯನ್ ಕಟ್ಟಿದ್ದು ಇಂದಿನ ತರುಣರಿಗೆ ಆಶ್ಚರ್ಯವೆನಿಸಬಹುದು. ಯುದ್ಧಾನಂತರ ಅದನ್ನು ಉಳಿಸಲಿಲ್ಲ. ಅದೇ ಕಾಲದಲ್ಲಿ, 1942ರಲ್ಲಿ, ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ಬಿದ್ದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಿದ್ದರು. ಒಂದೇ ಜಿಲ್ಲೆಯ ಒಂದೇ ವಯಸ್ಸಿನ ಹುಡುಗರಲ್ಲಿ ಒಬ್ಬ ಖಾಕಿ ತೊಟ್ಟು ಹೊರಟಿದ್ದ, ಇನ್ನೊಬ್ಬ ಖಾದಿ ತೊಟ್ಟು ಕಂದಾಯದ ಖಜಾನೆಯ ಮುಂದೆ ನಿಂತಿದ್ದ. ಎರಡನೆಯವನಿಗೆ ಹಾವೇರಿಯಲ್ಲಿ ವೀರಸೌಧವಿದೆ, ಅದು ಇರಲೇಬೇಕು. ಮೊದಲನೆಯವನು ದೇಶದ್ರೋಹಿ ಎಂದು ಹೇಳುವ ಎದೆ ನನಗಿಲ್ಲ.

ರಾಣೆಬೆನ್ನೂರಿನ ಓದುಗರು ಪ್ಯಾಲೆಸ್ಟೈನಿನ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳವನ್ನು ನಮ್ಮ ಭಾಗದ ಭರ್ತಿಗೆ ನಿದರ್ಶನವಾಗಿ ಕೊಟ್ಟಿದ್ದಾರೆ. ಅದನ್ನು ತಿದ್ದಬೇಕಾಗಿದೆ. 1918ರ ಸೆಪ್ಟೆಂಬರ್ 23ರ ಆ ಕದನ ಕನ್ನಡಿಗರೆಲ್ಲರ ಹೆಮ್ಮೆ, ಆದರೆ ಅದು ಮೈಸೂರು ಸಂಸ್ಥಾನದ ದಳ. ಅಲ್ಲಿ ಯುದ್ಧಕ್ಕೆ ಐವತ್ತು ಲಕ್ಷ ರೂಪಾಯಿ ಕೊಡುವುದೂ ಕುದುರೆ ದಳ ಕಳಿಸುವುದೂ ಅರಸರ ತೀರ್ಮಾನವಾಗಿತ್ತು. ಧಾರವಾಡ ಜಿಲ್ಲೆಯವರು ನೇರವಾಗಿ ಇಂಗ್ಲಿಷ್ ಗವರ್ನರನ ಪ್ರಜೆಗಳು.

ಕೊನೆಯದಾಗಿ ನಮ್ಮ ಮನೆಯ ಒಂದು ಮಾತು. ನನ್ನ ಅಜ್ಜಿಯ ಅಣ್ಣ ಜರ್ಮನ್ ಲಡಾಯಿಗೆ ಹೋಗಿ ಬಸ್ರಾದ ಕಡೆ ತೀರಿಕೊಂಡನೆಂದು ಅಜ್ಜಿ ಹೇಳುತ್ತಿದ್ದಳು. ಯಾರ ಭಾಷಣ ಕೇಳಿ ಹೋದ ಎಂದು ಸಣ್ಣವನಿದ್ದಾಗ ಕೇಳಿದ್ದೆ. ‘ಭಾಷಣ ಎಲ್ಲೀದೋ, ಆ ವರ್ಷ ಮಳಿ ಆಗಿರಲಿಲ್ಲ’ ಎಂದಳು. ಬಸ್ರಾದಲ್ಲಿ ಇಂಗ್ಲಿಷರು ಕಟ್ಟಿದ ದೊಡ್ಡ ಸ್ಮಾರಕದ ಮೇಲೆ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಭಾರತೀಯ ಸಿಪಾಯಿಗಳ ವಿಷಯದಲ್ಲಿ ಆಯಾ ಪಲ್ಟನ್ನಿನ ಕೆಳಗೆ ಇಷ್ಟು ಜನ ಎಂದು ಸಂಖ್ಯೆಯನ್ನಷ್ಟೇ ಬರೆದರು. ಈ ಭೇದವನ್ನು ಒಪ್ಪಿಕೊಂಡು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ. ಅದೇ ವರ್ಷ, ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ನೂರು ವರ್ಷ ಧೂಳು ತಿಂದಿದ್ದ ಪಂಜಾಬಿನ ಊರುವಾರು ಪಟ್ಟಿಗಳು, ಮೂರು ಲಕ್ಷಕ್ಕೂ ಹೆಚ್ಚು ಸಿಪಾಯಿಗಳ ವಿವರ ಇರುವಂಥವು, ಗಣಕೀಕೃತವಾಗಿ ಸಾರ್ವಜನಿಕರಿಗೆ ಸಿಗತೊಡಗಿದವು.

ನಮ್ಮ ಮೂರು ಜಿಲ್ಲೆಗಳಿಗೂ ಇಂಥದೊಂದು ಪಟ್ಟಿ ಆಗಬೇಕು. ಹಳೆಯ ಚಾವಡಿಗಳ ಗೋಡೆಯಲ್ಲಿ, ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ತಿರುಗಿ ಬರಲಿಲ್ಲ ಎಂದು ಬರೆದ ಕಲ್ಲುಗಳನ್ನು ಇಂಗ್ಲಿಷರು ದೇಶದ ಎಷ್ಟೋ ಹಳ್ಳಿಗಳಲ್ಲಿ ಕೂರಿಸಿದ್ದಾರೆ. ಚಾವಡಿ ಕೆಡವಿ ಸಮುದಾಯ ಭವನ ಕಟ್ಟುವಾಗ ಅಂಥ ಕಲ್ಲು ಕಂಡರೆ ಅದನ್ನು ಮೆಟ್ಟಿಲಿಗೆ ಬಳಸದೆ ಫೋಟೋ ತೆಗೆದು ಇಡಬೇಕೆಂದು ಗ್ರಾಮ ಪಂಚಾಯಿತಿಗಳಲ್ಲಿ ನನ್ನ ವಿನಂತಿ. ಮನೆಯ ಟ್ರಂಕಿನಲ್ಲಿ ಪಲ್ಟನ್ನಿನ ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ, ರಾಣಿಯದೋ ರಾಜನದೋ ಮುಖವಿರುವ ಪದಕ ಇದ್ದವರು ಅದರ ಮೇಲಿನ ಹೆಸರು, ನಂಬರು, ಪಲ್ಟನ್ನನ್ನು ಬರೆದು ತಮ್ಮ ಪತ್ರಿಕೆಗೆ ಕಳಿಸಿದರೆ, ಅವನ್ನು ಊರುವಾರು ಜೋಡಿಸಿ ಕೊಡುವ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ. ನಿವೃತ್ತನಾಗಿರುವುದರಿಂದ ಸಮಯಕ್ಕೆ ಕೊರತೆಯಿಲ್ಲ, ಗದುಗಿನಿಂದ ಹುಬ್ಬಳ್ಳಿಗೆ ಬಸ್ಸುಗಳಿಗೂ ಕೊರತೆಯಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ, ಗದಗ